ಬಾಗಿಲು ಮುಚ್ಚಿ ಕೇಳುವ ಪ್ರಶ್ನೆ

ದೇಶದ ಮಕ್ಕಳನ್ನೆಲ್ಲ ಕಾಪಾಡುವ ಕಾನೂನು ಆ ಸ್ಟುಡಿಯೋದಲ್ಲಿ ಕೈಯಿರುವ ಕುರ್ಚಿಯೊಂದರ ಮೇಲೆ, ಫ್ಯಾನಿನ ಕೆಳಗೆ, ಬಾಯಿ ಸ್ವಲ್ಪ ತೆರೆದುಕೊಂಡು ಕೂತಿರುತ್ತಿತ್ತು. ಊಟವಾದ ಮೇಲೆ ಸಣ್ಣಗೆ ಗೊರಕೆಯನ್ನೂ ಹೊಡೆಯುತ್ತಿತ್ತು. ಯೂನಿಟ್ಟಿನವರು ಎದುರಿಗೆ ಅದನ್ನು 'ಕಾನೂನಮ್ಮ' ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರನ್ನು ಮಕ್ಕಳ ವಿಷಯದ ಕತೆಯಲ್ಲಿ ಬರೆಯುವ ಹಾಗಿಲ್ಲ.

ಕಾನೂನಮ್ಮ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕ್ಯಾಮೆರಾದ ಮುಂದೆ ಮಗು ನಿಂತರೆ ಅದರ ಹಿತ ನೋಡಿಕೊಳ್ಳುವವರೊಬ್ಬರು ಪಕ್ಕದಲ್ಲಿ ಇರಲೇಬೇಕು ಎಂದು ಕಾನೂನಿನಲ್ಲಿದೆ. ಹಾಗಾಗಿ ಮಕ್ಕಳ ಕಲ್ಯಾಣ ಕಚೇರಿ ಅವಳನ್ನು ಅಲ್ಲಿಗೆ ನೇಮಿಸಿತ್ತು. ಹೀಗೆ ಕಾಯುವವರಿಗೆ ಸಂಬಳ ಯಾರು ಕೊಡಬೇಕು ಎಂಬ ಮಾತು ಬರುವ ಹೊತ್ತಿಗೆ ಕಾನೂನು ಬರೆಯುವವರಿಗೆ ಊಟದ ಸಮಯವಾಗಿತ್ತು ಅಂತ ಕಾಣುತ್ತದೆ. 'ನಿರ್ಮಾಪಕರೇ ಕೊಡತಕ್ಕದ್ದು' ಎಂದು ಬರೆದು ಎದ್ದುಬಿಟ್ಟಿದ್ದರು. ಆದ್ದರಿಂದ ಸಂಬಳ, ಕುರ್ಚಿ, ಫ್ಯಾನು, ಹೊತ್ತುಹೊತ್ತಿಗೆ ಟೀ, ಎಲ್ಲವೂ ನಿರ್ಮಾಪಕರದ್ದು. ಕಾನೂನಮ್ಮನದ್ದು ಅಂತ ಇದ್ದದ್ದು ಒಂದು ಕೈಚೀಲ, ಒಂದು ಕನ್ನಡಕ, ಮತ್ತು ಬೇಕೆನಿಸಿದಾಗ ಶೂಟಿಂಗ್ ನಿಲ್ಲಿಸುವ ಅಧಿಕಾರ. ಅಧಿಕಾರವನ್ನು ಅವಳು ಯಾವತ್ತೂ ಬಳಸಿರಲಿಲ್ಲ. ಕನ್ನಡಕವನ್ನಾದರೂ ಆಗಾಗ ಒರೆಸುತ್ತಿದ್ದಳು.

ಅಲ್ಲಿ ತಯಾರಾಗುತ್ತಿದ್ದ ಧಾರಾವಾಹಿಯ ಕತೆ ಹೇಳುವುದು ಬಹಳ ಸುಲಭ. ಒಬ್ಬಳು ಹುಡುಗಿ ಅಳುತ್ತಾಳೆ. ಮೊದಲು ತಾಯಿ ಸತ್ತಳೆಂದು ಅತ್ತಳು, ಆಮೇಲೆ ಮಲತಾಯಿ ಬಂದಳೆಂದು, ಆಮೇಲೆ ತಂದೆಗೆ ಮರೆವು ಬಂತೆಂದು. ತಂದೆಗೆ ನೆನಪು ವಾಪಸ್ಸು ಬಂದಾಗ ಆ ಸಂತೋಷಕ್ಕೂ ವಾರವಿಡೀ ಅತ್ತಳು. ಪಾತ್ರದ ಹೆಸರು ಕಂಬನಿ. ಹುಡುಗಿಗೂ ಅದೇ ಹೆಸರು ಅಂಟಿಕೊಂಡು, ಈಗ ಶಾಲೆಯ ಹಾಜರಿಯಲ್ಲೂ ಟೀಚರ್ ಬಾಯಿತಪ್ಪಿ ಕಂಬನಿ ಎಂದೇ ಕೂಗುತ್ತಿದ್ದರು. ಮಕ್ಕಳ ಮೇಲಿನ ಕ್ರೌರ್ಯದ ಬಗ್ಗೆ ಜನರ ಕಣ್ಣು ತೆರೆಸಿತು ಎಂದು ಆ ಧಾರಾವಾಹಿಗೆ ಒಂದು ಪ್ರಶಸ್ತಿ ಕೂಡ ಬಂದಿತ್ತು. ಅವತ್ತು ಹುಡುಗಿಗೆ ಮೈ ಕೆಂಡದಂಥ ಜ್ವರ. ಆದರೂ ಹೋಗಿದ್ದಳು, ಸಭಿಕರ ಒತ್ತಾಯಕ್ಕೆ ವೇದಿಕೆಯ ಮೇಲೆ ಸ್ವಲ್ಪ ಅತ್ತೂ ತೋರಿಸಿದ್ದಳು.

ಅಳುವುದರಲ್ಲಿ ಅವಳದು ಎತ್ತಿದ ಕೈ. ಗ್ಲಿಸರಿನ್ ಬೇಡ, ಈರುಳ್ಳಿ ಬೇಡ. ನಿರ್ದೇಶಕ 'ಆ್ಯಕ್ಷನ್' ಅನ್ನುತ್ತಿದ್ದ, ಕ್ಯಾಮೆರಾದ ಪಕ್ಕ ನಿಂತ ಅವಳ ತಾಯಿ ತನ್ನ ಎಡಗಣ್ಣಿನ ಕೆಳಗೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದಳು. ಹುಡುಗಿಯ ಎಡಗಣ್ಣಿನಿಂದ ಒಂದು ಹನಿ ಹೇಳಿ ಕಳಿಸಿದ ಹಾಗೆ ಇಳಿದು ಬರುತ್ತಿತ್ತು. ಬೆಳಕು ಎಡಗಡೆಯಿಂದ ಬೀಳುತ್ತಿದ್ದುದರಿಂದ ಎಡಗಣ್ಣು. ತಾಯಿ ಕೆಟ್ಟವಳಲ್ಲ. ಗಂಡ ಬಿಟ್ಟುಹೋದ ಮೇಲೆ ಅಂಗಡಿಯೊಂದರಲ್ಲಿ ದಿನವೆಲ್ಲ ನಿಂತೇ ದುಡಿದು ಕಾಲು ಊದಿಸಿಕೊಂಡಿದ್ದವಳು, ಮಗಳ ದೆಸೆಯಿಂದ ಕೂತು ಉಣ್ಣುವಂತಾಗಿತ್ತು. ಆದರೂ ಸೆಟ್ಟಿನಲ್ಲಿ ಅವಳು ಕೂತದ್ದನ್ನು ಯಾರೂ ನೋಡಿರಲಿಲ್ಲ.

ಈಗ ಪ್ರಶ್ನೆಯ ವಿಷಯ. ಒಪ್ಪಂದ ಮುಂದುವರಿಸುವ ಮೊದಲು ಮಗುವನ್ನು ಕೇಳಬೇಕು ಎನ್ನುತ್ತದೆ ಕಾನೂನು: ನಿನಗೆ ಈ ಕೆಲಸ ಇನ್ನೂ ಇಷ್ಟವೇ? ಬಾಗಿಲು ಮುಚ್ಚಿ ಕೇಳಬೇಕು. ತಾಯಿತಂದೆ ಸಹ ಒಳಗಿರಕೂಡದು. ಮಗು ಬೇಡ ಎಂದರೆ ಆ ಮಾತು ಹೊರಗೆ ಬರಕೂಡದು. ಅನುಮತಿ ಕೊಟ್ಟಿಲ್ಲ ಎಂದು ಕಚೇರಿ ತನ್ನ ಹೆಸರಲ್ಲೇ ತಿಳಿಸಬೇಕು, ಕಾರಣ ಹೇಳಬಾರದು. ಬೈಗುಳ ಬಿದ್ದರೆ ಕಚೇರಿಯ ತಲೆಗೆ ಬೀಳಲಿ, ಮಗುವಿನ ತಲೆಗೆ ಬೇಡ ಎಂಬ ಉದ್ದೇಶ. ಈ ಒಂದು ಕಡೆ ಮಾತ್ರ ಕಾನೂನು ಬರೆದವರು ಊಟ ಮುಗಿಸಿ ಬಂದು ಕೂತಿದ್ದರು ಎನ್ನಬೇಕು.

ಇಷ್ಟು ಚೆಂದದ ಕಾನೂನನ್ನು ಯೂನಿಟ್ಟು ಒಂದು ಶಾಸ್ತ್ರ ಮಾಡಿಟ್ಟಿತ್ತು. ಮೇಕಪ್ ಕೋಣೆಯಲ್ಲಿ ಕಾನೂನಮ್ಮ ಚೀಲದಿಂದ ಚಾಕಲೇಟು ತೆಗೆಯುತ್ತಿದ್ದಳು, ಹುಡುಗಿ 'ಹೂಂ' ಅನ್ನುತ್ತಿದ್ದಳು, ಹೊರಗೆ ಬಂದರೆ ನಿರ್ಮಾಪಕ ಚಪ್ಪಾಳೆ ತಟ್ಟಿ ಎಲ್ಲರಿಗೂ ಟೀ ಹೇಳುತ್ತಿದ್ದ. ಟೀ ಎಂದಿನದೇ. ಆದರೆ ಅವತ್ತು ಬಿಸ್ಕತ್ತೂ ಇರುತ್ತಿತ್ತು.

ಈ ಸಲ ಪ್ರಶ್ನೆಗೆ ಊಟದ ವಿರಾಮ ಗೊತ್ತುಮಾಡಿದ್ದರು. ಬೆಳಗಿನಿಂದ ಆಸ್ಪತ್ರೆಯ ದೃಶ್ಯ. ಕಂಬನಿ ಗಾಜಿನ ಬಾಗಿಲಿನ ಆಚೆ ನಿಂತು ಅಳಬೇಕು, ಒಳಗೆ ಅಜ್ಜ ಕಣ್ಣುಮುಚ್ಚಬೇಕು. ಅಜ್ಜನ ಪಾತ್ರದವರು ಎರಡು ಸಲ ಸಾಯುವಾಗ ಕೆಮ್ಮಿಬಿಟ್ಟು ಅರ್ಧ ಕೆಲಸ ಉಳಿಯಿತು. ಊಟವಾದ ಮೇಲೆ ಮತ್ತೆ ಸಾಯಿಸೋಣ ಎಂದು ನಿರ್ದೇಶಕ ಎದ್ದ. ಅದೇ ದೃಶ್ಯ ಮುಂದುವರಿಯಬೇಕಾದ್ದರಿಂದ ಸೌಂಡಿನವನು ಹುಡುಗಿಯ ಕಾಲರಿನೊಳಗಿನ ಮೈಕನ್ನು ಬಿಚ್ಚಲು ಹೋಗಲಿಲ್ಲ. ಬಿಚ್ಚಿ ಮತ್ತೆ ಕಟ್ಟುವುದು ತಲೆನೋವು. ಸಣ್ಣ ಮೈಕು, ಸೊಂಟದ ಹಿಂದೆ ಅದರ ಪುಟ್ಟ ಡಬ್ಬಿ. ಅದನ್ನು ಆರಿಸಿದ್ದರೂ ಸಾಕಿತ್ತು. ಅವನು ಹೆಡ್‌ಫೋನ್ ಕೆಳಗಿಟ್ಟು ತಟ್ಟೆ ಹಿಡಿದು ನಿಂತ. ನಿರ್ದೇಶಕನ ಮೇಜಿನ ಮೇಲಿದ್ದ ಸ್ಪೀಕರು ತನ್ನ ಪಾಡಿಗೆ ತಾನು ತೆರೆದೇ ಇತ್ತು.

ಮೇಕಪ್ ಕೋಣೆಯಲ್ಲಿ ಕಾನೂನಮ್ಮ ಬಾಗಿಲು ಹಾಕಿ ಚಿಲಕವನ್ನೂ ಹಾಕಿದಳು. ಹುಡುಗಿ ಕನ್ನಡಿಯ ಮುಂದಿನ ತಿರುಗುವ ಕುರ್ಚಿಯಲ್ಲಿ ಕೂತು ನಿಧಾನಕ್ಕೆ ತಿರುಗುತ್ತಿದ್ದಳು.

"ಊಟ ಆಯ್ತಾ ಪುಟ್ಟಿ?"

"ಅತ್ತ ಮೇಲೆ ಹಸಿವಾಗಲ್ಲ ಮಿಸ್."

"ಆಮೇಲೆ ತಿನ್ನುವೆಯಂತೆ. ಬೇಗ ಮುಗಿಸಿಬಿಡೋಣ. ಇನ್ನೊಂದು ವರ್ಷ ಕೆಲಸ ಮಾಡೋಕೆ ಇಷ್ಟ ತಾನೇ?" ಕಾನೂನಮ್ಮನ ಪೆನ್ನು ಆಗಲೇ ಹೌದು ಎಂದು ಬರೆಯಲು ಬಾಗಿತ್ತು.

"ಬೇಡ ಅಂದ್ರೆ ಏನಾಗುತ್ತೆ?"

ಪೆನ್ನು ನಿಂತಿತು. ಕಚೇರಿಯವರು ಕೊಟ್ಟ ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಹೆಚ್ಚಿನ ಹೊತ್ತು ಉದ್ಘಾಟನಾ ಭಾಷಣವೇ ನಡೆದಿತ್ತು.

"ಏನಾಗುತ್ತೆ ಅಂದ್ರೆ... ನಿಂತುಹೋಗುತ್ತೆ."

"ಧಾರಾವಾಹೀನಾ? ಪೂರ್ತಿ?"

"ಮತ್ತೆ? ನೀನಿಲ್ದೆ ಇನ್ನೇನಿದೆ ಅದ್ರಲ್ಲಿ?"

"ನಾನು ಹೇಳಿದ್ದು ಅಮ್ಮಂಗೆ ಗೊತ್ತಾಗುತ್ತಾ?"

"ಯಾರಿಗೂ ಗೊತ್ತಾಗಲ್ಲ. ಇಲ್ಲಿ ಆಡಿದ ಮಾತು ಈ ನಾಲ್ಕು ಗೋಡೆ ದಾಟಲ್ಲ." ಹೇಳಿದ ಮೇಲೆ ಕಾನೂನಮ್ಮನಿಗೆ ದಿಗಿಲಾಯಿತು. ಕುರ್ಚಿ ಕಣ್ಣ ಮುಂದೆ ಬಂತು, ಫ್ಯಾನು ಬಂತು. ಮನೆಯಲ್ಲಿ ಸೊಸೆಯ ಜೊತೆ ಹಗಲೆಲ್ಲ ಮುಖ ಮುಖ ನೋಡಿಕೊಂಡು ಕೂರುವ ಚಿತ್ರವೂ ಬಂತು. ದನಿಗೆ ಬೆಣ್ಣೆ ಹಚ್ಚಿದಳು. "ನೋಡು ಬಂಗಾರ, ಎಷ್ಟು ಜನರ ಹೊಟ್ಟೆಪಾಡು ಇದು. ಲೈಟಿನವರು, ಅಡುಗೆಯವರು, ಡ್ರೈವರು... ಎಲ್ಲರೂ ನಿನ್ನನ್ನ ಎಷ್ಟು ಪ್ರೀತಿ ಮಾಡ್ತಾರೆ."

"ಮಾಡ್ತಾರೆ," ಅಂದಳು ಹುಡುಗಿ, ಕುರ್ಚಿ ತಿರುಗಿಸುತ್ತ. "ಲೈಟಿನಣ್ಣ ಏಣಿ ಮೇಲೆ ಕೂತು ನಿದ್ದೆ ಮಾಡ್ತಾರೆ, ಒಂದಿನ ನನ್ನ ಮೇಲೇ ಬೀಳ್ತಾರೆ. ಡೈರೆಕ್ಟರ್ ಅಂಕಲ್ ಹತ್ರ ಬಂದು ಸೀನ್ ಹೇಳ್ವಾಗ ಬಾಯಿ ವಾಸನೆ ಬರುತ್ತೆ, ಅದಕ್ಕೇ ನಂಗೆ ಅಷ್ಟು ಬೇಗ ಕಣ್ಣಲ್ಲಿ ನೀರು ಬರೋದು. ಪ್ರೊಡ್ಯೂಸರ್ ಅಂಕಲ್ ಕೂದಲು ಬೆಳಿಗ್ಗೆ ಒಂದು ಕಡೆ ಇರುತ್ತೆ, ಸಾಯಂಕಾಲ ಒಂದು ಕಡೆ. ಮಲತಾಯಿ ಆಂಟಿ ಮಾತ್ರ ಒಳ್ಳೇರು. ಸುಮ್ನೆ ಹೊಡೆದಂಗೆ ಮಾಡಿದ್ರೂ ಆಮೇಲೆ ನೋವಾಯ್ತಾ ಅಂತ ಕೇಳ್ತಾರೆ. ಬೇರೆ ಯಾರೂ ಕೇಳಲ್ಲ."

"ನಾನು ಕೇಳಲ್ವಾ?"

"ನೀವು ಮಲಗಿರ್ತೀರಲ್ಲ ಮಿಸ್."

ಕಾನೂನಮ್ಮನ ಕೈ ತಾನಾಗಿ ಚೀಲಕ್ಕೆ ಹೋಗಿ ಚಾಕಲೇಟು ಹೊರಗೆ ತೆಗೆಯಿತು. ಹುಡುಗಿ ಅದನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ.

"ಮಿಸ್, ನಮ್ಮಜ್ಜಿ ಸತ್ತೋದ್ರು ಗೊತ್ತಾ? ಅಮ್ಮನ ಅಮ್ಮ."

"ಗೊತ್ತು ಕಣೆ. ಪಾಪ."

"ಅವತ್ತು ಮನೇಲಿ ನಂಗೆ ಅಳು ಬಂತು. ಜೋರಾಗಿ ಬಂತು. ಎಲ್ಲರೂ ಅಜ್ಜೀನ ಬಿಟ್ಟು ನನ್ನ ನೋಡೋಕೆ ಶುರು ಮಾಡಿದ್ರು. ಟೀವಿ ಥರಾನೇ ಅಳ್ತಾಳೆ ಅಂದ್ರು ಪಕ್ಕದ್ಮನೆಯವ್ರು. ಚಿಕ್ಕಮ್ಮ ಫೋನಲ್ಲಿ ತೆಗೆದ್ರು. ಅಮ್ಮ..." ಕುರ್ಚಿ ತಿರುಗುವುದು ನಿಂತಿತು. "ಅಮ್ಮನೂ ಅಳ್ತಿದ್ಲು. ಆದ್ರೆ ನನ್ನ ನೋಡಿ ಹಿಂಗೆ ಮಾಡಿದ್ಲು." ಹುಡುಗಿ ಎಡಗಣ್ಣಿನ ಕೆಳಗೆ ಬೆರಳಿಟ್ಟು ತೋರಿಸಿದಳು. "ಬೇಕಂತ ಅಲ್ಲ ಮಿಸ್. ಅವಳಿಗೆ ಅಭ್ಯಾಸ ಆಗೋಗಿದೆ. ನಂಗೂ ಅಭ್ಯಾಸ ಆಗೋಗಿದೆ, ಎಡಗಡೆಯಿಂದ್ಲೇ ಬಂತು. ಆಮೇಲೆ ನಂಗೆ ಅಜ್ಜಿಗೋಸ್ಕರ ಅಳ್ತಿದೀನಾ, ಸುಮ್ನೆ ಅಳ್ತಿದೀನಾ ಗೊತ್ತಾಗ್ಲಿಲ್ಲ. ಈಗ್ಲೂ ಗೊತ್ತಾಗಲ್ಲ. ಅಜ್ಜಿ ನಂಗೆ ತುಂಬಾ ಇಷ್ಟ ಮಿಸ್."

ಕಾನೂನಮ್ಮನಿಗೆ ನಾಚಿಕೆಯಾಯಿತು. ಯಾರೋ ಕೆನ್ನೆಗೆ ಬಾರಿಸಿದ ಹಾಗೆ ಮುಖವೆಲ್ಲ ಬಿಸಿಯಾಯಿತು. ಇಷ್ಟು ವರ್ಷ ಮಕ್ಕಳ ನಡುವೆ ಬದುಕಿದವಳು, ಇಷ್ಟು ದಿನ ಈ ಮಗುವಿನ ಪಕ್ಕದಲ್ಲೇ ಕೂತಿದ್ದವಳು, ಇದು ತನಗೆ ಕಾಣಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಚಾಕಲೇಟನ್ನು ಒಳಗೆ ಹಾಕಿ, ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ನಿಲ್ಲುತ್ತಿದ್ದಂತೆ ನೆಟ್ಟಗೆ ನಿಂತಳು.

"ಇನ್ನೊಂದು ಸಲ ಕೇಳ್ತೀನಿ. ಈ ಸಲ ಸರಿಯಾಗಿ ಕೇಳ್ತೀನಿ. ಯಾರ ಹೊಟ್ಟೆಪಾಡೂ ನೀನು ಯೋಚನೆ ಮಾಡಬೇಡ, ಅದು ದೊಡ್ಡೋರ ತಲೆನೋವು. ನಿಂಗೆ ಈ ಕೆಲಸ ಬೇಕಾ, ಬೇಡ್ವಾ?"

"ಬೇಡ," ಅಂದಳು ಹುಡುಗಿ.

ಕಾನೂನಮ್ಮ ಹಾಗೆಯೇ ಬರೆದಳು, ಕೆಳಗೆ ಸಹಿ ಹಾಕಿದಳು. ಚಿಲಕ ತೆಗೆದು ಇಬ್ಬರೂ ಹೊರಗೆ ಬಂದರು.

ಹೊರಗೆ ಯಾರೂ ಮಾತಾಡುತ್ತಿರಲಿಲ್ಲ. ಶೂಟಿಂಗಿನಲ್ಲಿ 'ಸೈಲೆನ್ಸ್' ಎಂದು ಗಂಟಲು ಹರಿದುಕೊಂಡರೂ ಸಿಗದ ಮೌನ ಅಲ್ಲಿ ಬಿಟ್ಟಿ ಸಿಕ್ಕಿತ್ತು. ತಟ್ಟೆಗಳಲ್ಲಿ ಊಟ ಹಾಗೇ ಇತ್ತು. ಲೈಟಿನವನು ಏಣಿಯಿಂದ ಇಳಿದು ನಿಂತಿದ್ದ. ನಿರ್ದೇಶಕ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದ. ನಿರ್ಮಾಪಕನ ಕೈ ತಲೆಯ ಮೇಲಿತ್ತು. ಚಿಂತೆಗೋ, ಕೂದಲು ಸರಿಮಾಡಿಕೊಳ್ಳುವುದಕ್ಕೋ, ಹೇಳುವುದು ಕಷ್ಟ. ಮಲತಾಯಿ ಒಬ್ಬಳೇ ಮೂಗು ಸೀಟಿದಳು, ಆ ಸದ್ದೂ ದೊಡ್ಡದಾಗಿ ಕೇಳಿಸಿತು.

ಕಾನೂನಮ್ಮನಿಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಹುಡುಗಿಗೆ. ಅವಳು ಅಲ್ಲೇ ಬೆಳೆದವಳು. ಮೊದಲು ಸ್ಪೀಕರನ್ನು ನೋಡಿದಳು, ಆಮೇಲೆ ಕೈ ಹಿಂದೆ ಹಾಕಿ ಸೊಂಟದ ಡಬ್ಬಿಯನ್ನು ಮುಂದಕ್ಕೆ ಎಳೆದು ನೋಡಿದಳು. ಅದರ ಮೇಲಿನ ಪುಟ್ಟ ದೀಪ ಉರಿಯುತ್ತಿತ್ತು.

"ಎಲ್ಲರಿಗೂ ಕೇಳಿಸ್ತಾ?" ಅಂದಳು. ಅದೂ ಸ್ಪೀಕರಿನಲ್ಲಿ ಇನ್ನೊಂದು ಸಲ ಕೇಳಿಸಿತು.

ಆಗ ಸೌಂಡಿನವನು ಎಚ್ಚೆತ್ತು ಓಡಿಹೋಗಿ ಸ್ಪೀಕರಿನ ಗುಂಡಿ ಒತ್ತಿದ. ಅಷ್ಟು ಹೊತ್ತು ಆ ಗುಂಡಿ ಎಲ್ಲರ ಕೈಗೆಟಕುವ ಹಾಗೇ ಇತ್ತು, ಒಬ್ಬರೂ ಒತ್ತಿರಲಿಲ್ಲ. ತಮ್ಮ ಬಗ್ಗೆ ಮಾತು ಬರುತ್ತಿರುವಾಗ ಸ್ಪೀಕರ್ ಆರಿಸುವಷ್ಟು ದೊಡ್ಡ ಮನಸ್ಸು ಯಾರಿಗಿರುತ್ತದೆ? ಅಜ್ಜಿಯ ಮಾತು ಬಂದಾಗ ಆರಿಸೋಣ ಎನ್ನಿಸಿದವರಿಗೆ ಕೈಕಾಲು ಆಡಿರಲಿಲ್ಲ.

ನಿರ್ಮಾಪಕ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡ. ಹಾಗೆ ಚೇತರಿಸಿಕೊಳ್ಳುವುದರಿಂದಲೇ ಅವನು ನಿರ್ಮಾಪಕನಾಗಿದ್ದ. "ಅಯ್ಯೋ, ಮಗು ಏನೋ ಬೇಜಾರಲ್ಲಿ ಹೇಳಿದೆ ಮೇಡಂ," ಎಂದು ಹಲ್ಲು ಗಿಂಜಿದ. "ನಾಳೆ ಇನ್ನೊಂದು ಸಲ ಕೇಳಿ. ಒಂದೇ ಸಲ ಕೇಳಬೇಕು ಅಂತ ಕಾನೂನಲ್ಲಿ ಎಲ್ಲಿದೆ?"

"ಎಲ್ಲೂ ಇಲ್ಲ," ಅಂದಳು ಕಾನೂನಮ್ಮ. "ಬಾಗಿಲು ಮುಚ್ಚಿ ಕೇಳಬೇಕು ಅಂತ ಇದೆ. ಮುಚ್ಚಿದ ಬಾಗಿಲ ಹಿಂದಿನ ಮಾತನ್ನ ನೀವು ಊಟಕ್ಕೆ ನಂಚಿಕೊಂಡ್ರಲ್ಲ, ಅದಕ್ಕೆ ಏನು ಶಿಕ್ಷೆ ಅಂತಾನೂ ಇದೆ. ಓದಿ ಹೇಳ್ಲಾ?"

ಅವಳ ಈ ದನಿಯನ್ನು ಯೂನಿಟ್ಟು ಕೇಳಿರಲಿಲ್ಲ. ಅಡುಗೆಯವನು ಗೊತ್ತಿಲ್ಲದೆಯೇ ಕೈಕಟ್ಟಿ ನಿಂತುಬಿಟ್ಟ. ಶಿಕ್ಷೆ ಏನೆಂದು ಕಾನೂನಮ್ಮನಿಗೂ ಸರಿಯಾಗಿ ನೆನಪಿರಲಿಲ್ಲ ಎನ್ನುವುದು ಬೇರೆ ಮಾತು.

ನಿರ್ಮಾಪಕ ಬಡಪೆಟ್ಟಿಗೆ ಬಗ್ಗುವವನಲ್ಲ. ತಾಯಿಯ ಕಡೆ ತಿರುಗಿದ. "ನೀವಾದ್ರೂ ಹೇಳಿ ತಾಯಿ. ನಿಮ್ಮ ಮಗಳು, ನೀವು ಹೇಳಿದ್ರೆ ಕೇಳ್ತಾಳೆ. ನಾಳೆ ಹೂಂ ಅಂದ್ರೆ ಎಲ್ಲ ಸರಿಹೋಗುತ್ತೆ. ಇಷ್ಟು ಜನರ ಹೊಟ್ಟೆ ಮೇಲೆ ಹೊಡೀಬೇಡಿ."

ತಾಯಿ ಕ್ಯಾಮೆರಾದ ಪಕ್ಕ, ತನ್ನ ಮಾಮೂಲಿ ಜಾಗದಲ್ಲೇ ನಿಂತಿದ್ದಳು. ಎಲ್ಲರ ಕಣ್ಣೂ ಅವಳ ಮೇಲೆ ಬಿದ್ದವು. ಅವಳು ಮಗಳನ್ನೇ ನೋಡುತ್ತಿದ್ದಳು. ಮಗಳು ತಾಯಿಯನ್ನು ನೋಡಿದಳು, ಮುಖ ಕಿವುಚಿಕೊಂಡಿತು. ಎಡಗಣ್ಣಿನಿಂದ ಒಂದು ಹನಿ ಇಳಿಯಿತು.

ಆಗ ನಡೆದದ್ದನ್ನು ಕಾನೂನಮ್ಮ ಕೊನೆತನಕ ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ಕ್ಯಾಮೆರಾದವನು ತಟ್ಟೆ ಕೆಳಗಿಟ್ಟು ಕ್ಯಾಮೆರಾವನ್ನು ಹುಡುಗಿಯ ಕಡೆ ತಿರುಗಿಸಿದ. ನಿರ್ದೇಶಕನ ಕೈ ಬಾಯಿಂದ ಇಳಿದು, ಯಾರೂ ಅಲ್ಲಾಡಬೇಡಿ ಎಂದು ಗಾಳಿಯಲ್ಲಿ ನಿಂತಿತು. ಲೈಟಿನವನು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ದುಷ್ಟರು ಅಂತ ಅಲ್ಲ. ಆ ಮಗು ಅತ್ತರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಕಾನೂನಮ್ಮ ಬಾಯಿ ತೆರೆಯುವಷ್ಟರಲ್ಲಿ ತಾಯಿ ನಡೆದು ಬಂದಳು. ಕ್ಯಾಮೆರಾಕ್ಕೂ ಮಗಳಿಗೂ ನಡುವೆ ಬಂದು, ಕ್ಯಾಮೆರಾಕ್ಕೆ ಬೆನ್ನು ಹಾಕಿ, ನೆಲಕ್ಕೆ ಮಂಡಿಯೂರಿದಳು.

"ನಿಜವಾಗ್ಲೂ ಅಳ್ತಿದೀಯಾ ಕಂದ?"

"ಗೊತ್ತಿಲ್ಲ ಅಮ್ಮ," ಅಂದಳು ಹುಡುಗಿ.

ತಾಯಿ ಮಗಳ ಕಾಲರಿನೊಳಗೆ ಕೈಹಾಕಿ ಮೈಕನ್ನು ಹುಡುಕಿದಳು. ಕ್ಲಿಪ್ಪು ಬಿಚ್ಚಲು ಬರಲಿಲ್ಲ. ಸೌಂಡಿನವನು ಸಹಾಯಕ್ಕೆ ಬಂದರೆ ಅವನ ಕೈಯನ್ನು ತಳ್ಳಿದಳು. ಕೊನೆಗೆ ವೈರನ್ನು ಹಿಡಿದು ಎಳೆದೇಬಿಟ್ಟಳು, ಬಟ್ಟೆ ಸ್ವಲ್ಪ ಹರಿಯಿತು. ಡಬ್ಬಿಯನ್ನೂ ಮೈಕನ್ನೂ ನಿರ್ಮಾಪಕನ ಕೈಯಲ್ಲಿಟ್ಟಳು.

"ಬೇಡ ಅಂದಳಲ್ಲ," ಎಂದಳು. "ಎಲ್ಲರಿಗೂ ಕೇಳಿಸ್ತಲ್ಲ. ನಿಮಗೆ ಮಾತ್ರ ಕೇಳಿಸಲಿಲ್ವಾ?"

ತಾಯಿಮಗಳು ಆಸ್ಪತ್ರೆಯ ಗಾಜಿನ ಬಾಗಿಲು ದಾಟಿ, ಇನ್ನೂ ಸಾಯಬೇಕಾಗಿದ್ದ ಅಜ್ಜನ ಮಂಚ ದಾಟಿ ಹೊರಟರು. ಮಂಚದ ಮೇಲೆ ತಟ್ಟೆ ಹಿಡಿದು ಕೂತಿದ್ದ ಅಜ್ಜ ಎದ್ದು ನಿಂತರು, ಏನು ಹೇಳಬೇಕೆಂದು ತಿಳಿಯದೆ "ಹುಷಾರು ಮಗಾ," ಎಂದರು. ಕಾನೂನಮ್ಮ ಚೀಲ ಹೆಗಲಿಗೇರಿಸಿಕೊಂಡು ಅವರ ಹಿಂದೆ ಹೊರಟಳು. ಮಗು ಸ್ಟುಡಿಯೋದ ಗೇಟು ದಾಟಿದ ಮೇಲೆ ಅವಳ ಡ್ಯೂಟಿ ಮುಗಿಯುತ್ತದೆ ಎಂದು ನಿಯಮ. ಅವಳೂ ಗೇಟು ದಾಟಿದಳು.

ರಸ್ತೆಯಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು. ಬಸ್‌ಸ್ಟಾಪಿನವರೆಗೂ ಹೋಗಲಾಗದೆ ಹುಡುಗಿ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದು ಕೂತಳು, ತಾಯಿ ಪಕ್ಕದಲ್ಲಿ ಕೂತಳು. ಆಮೇಲೆ ಹುಡುಗಿ ಅಳತೊಡಗಿದಳು. ಮೊದಲು ಎಂದಿನ ಹಾಗೆ ಚೆಂದವಾಗಿ ಒಂದು ಹನಿ. ಆಮೇಲೆ ಆ ಚೆಂದವೆಲ್ಲ ಕೆಟ್ಟುಹೋಯಿತು. ಎರಡೂ ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ, ಬಾಯಿ ಸೊಟ್ಟಗೆ. ನಡುನಡುವೆ ಅಜ್ಜೀ ಅಜ್ಜೀ ಎನ್ನುತ್ತಿದ್ದಳು. ಬಿಕ್ಕಿ ಬಿಕ್ಕಿ ಕೆಮ್ಮು ಬಂತು. ತಾಯಿ ಕಣ್ಣೊರೆಸಲು ಹೋಗಲಿಲ್ಲ, ಸನ್ನೆ ಮಾಡಲಿಲ್ಲ. ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ತಾನೂ ಅತ್ತಳು.

ಹೋಗುವವರು ಬರುವವರು ನಿಂತರು. ಮುಖ ಗುರುತು ಹಿಡಿಯಲು ಅವರಿಗೆ ಎಷ್ಟು ಹೊತ್ತು? ಒಬ್ಬ ಬೈಕ್ ನಿಲ್ಲಿಸಿ, ಫೋನ್ ಎತ್ತಿ ಹಿಡಿದು, ಕ್ಯಾಮೆರಾ ಎಲ್ಲಿದೆ ಎಂದು ಸುತ್ತ ಹುಡುಕಿದ. ಕಾನೂನಮ್ಮ ಹೋಗಿ ಅವನ ಫೋನಿಗೆ ಅಡ್ಡವಾಗಿ ನಿಂತಳು. ಅವಳದು ಅಡ್ಡ ನಿಲ್ಲಲು ಹೇಳಿ ಮಾಡಿಸಿದ ಮೈಕಟ್ಟು.

"ಶೂಟಿಂಗಾ ಮೇಡಂ?" ಅವನು ಕತ್ತು ಉದ್ದ ಮಾಡಿ ಕೇಳಿದ.

"ಅಲ್ಲ," ಅಂದಳು ಕಾನೂನಮ್ಮ. "ಮಗು ಅಳ್ತಾ ಇದೆ. ಮುಂದೆ ಹೋಗಿ."